ತಂದೆಯ ಹೆಸರಿನ ಕಲಂ

ಸುವರ್ಣ ಜುಬಿಲಿಯ ಸ್ಮರಣ ಸಂಚಿಕೆಯ ಏಳನೇ ಪುಟದಲ್ಲಿ ಫಾದರರ ಜೀವನಚಿತ್ರಣ ಇದೆ. ಬರೆದವಳು ನಾನು. ಹುಟ್ಟಿದ ಊರು, ಓದಿದ ಸೆಮಿನರಿ, ಕಟ್ಟಿಸಿದ ಶಾಲೆ, ತೋಡಿಸಿದ ಬಾವಿ, ಎಲ್ಲವೂ ಅದರಲ್ಲಿ ಸರಿಯಾಗಿಯೇ ಇದೆ. ಓದಿದವರು ಹೊಗಳಿದರು. "ಹತ್ತಿರದಿಂದ ನೋಡಿದ ಹಾಗೆ ಬರೆದಿದ್ದೀರಿ ಟೀಚರ್" ಎಂದು ಎರಡು ಮೂರು ಫೋನುಗಳೂ ಬಂದವು. ಹತ್ತಿರದಿಂದ ನೋಡಲು ಅವರು ಬಿಟ್ಟಿದ್ದರೆ ತಾನೆ? ನಾನು ಅವರ ಮಗಳು. ಮದುವೆಯಾಗುವುದಿಲ್ಲ, ಹೆಂಗಸಿನ ಸಂಗ ಮಾಡುವುದಿಲ್ಲ ಎಂದು ಬಿಷಪರ ಮುಂದೆ ನೆಲಕ್ಕೆ ಮುಖವಿಟ್ಟು ಮಲಗಿ ವ್ರತ ತೊಟ್ಟ ಎರಡೇ ವರ್ಷಕ್ಕೆ ಅವರು ನನ್ನನ್ನು ಹುಟ್ಟಿಸಿದರು. ಆ ಒಂದು ಸಂಗತಿ ಏಳನೇ ಪುಟದಲ್ಲಿ ಇಲ್ಲ. ಯಾಕಿಲ್ಲ ಎಂಬುದನ್ನು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನಗೀಗ ನಲವತ್ತೆಂಟು. ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹುಟ್ಟಿ ಬೆಳೆದದ್ದು ಬೆಳ್ತಂಗಡಿ ತಾಲೂಕಿನ ಒಂದು ಊರಿನಲ್ಲಿ. ಸಂತೆ ಸಾಮಾನಿಗೆ ನಾವು ಮಡಂತ್ಯಾರಿಗೆ ಹೋಗುತ್ತಿದ್ದೆವು ಎಂದರೆ ಸಾಕು, ಊರಿನ ಹೆಸರು ಬೇಡ. ಇಗರ್ಜಿಯ ಗಂಟೆ ಕೇಳುವಷ್ಟು ಹತ್ತಿರ ನಮ್ಮ ಮನೆ. ಪೀಠದ ಬಟ್ಟೆಗಳನ್ನೂ ಫಾದರುಗಳ ಪೂಜೆಯ ವಸ್ತ್ರಗಳನ್ನೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಡುವುದು ಅಮ್ಮನ ಕೆಲಸವಾಗಿತ್ತು. ಆ ಕೆಲಸಕ್ಕೆ ಅದರದ್ದೇ ಶಿಸ್ತು. ಪೂಜೆಯ ಪಾತ್ರೆ ಒರೆಸುವ ಚಿಕ್ಕ ಬಟ್ಟೆಗಳನ್ನು ಬೇರೆಯೇ ನೆನೆಸಬೇಕು. ಅವುಗಳ ಮೊದಲ ನೀರನ್ನು ಬಚ್ಚಲಿಗೆ ಚೆಲ್ಲಬಾರದು, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹೊಯ್ಯಬೇಕು. ಅಮ್ಮ ನಮ್ಮ ಹಿತ್ತಿಲ ದಾಸವಾಳದ ಬುಡಕ್ಕೆ ಹೊಯ್ಯುತ್ತಿದ್ದಳಂತೆ. ಒಗೆದ ನೀರಿಗೂ ಅಷ್ಟು ಮರ್ಯಾದೆ ಕೊಡುವ ಜನ ನಾವು.

ಅವಳಿಗೆ ಆಗ ಇಪ್ಪತ್ತೊಂದು. ಫಾದರ್ ಹೊಸತಾಗಿ ಬಂದ ಸಹಾಯಕ ಗುರು, ಮೂವತ್ತರ ಹತ್ತಿರ. ಇಸ್ತ್ರಿ ಮಾಡಿದ ವಸ್ತ್ರಗಳನ್ನು ಅವಳು ಫಾದರುಗಳ ಬಂಗಲೆಗೆ ಒಯ್ದು ಕೊಡಬೇಕಿತ್ತು. ಅದು ಪ್ರೀತಿಯೋ, ಹೆದರಿಕೆಯೋ, ಇಲ್ಲ ಎನ್ನಲು ಬಾಯಿ ಬಾರದ್ದೋ, ನನಗೆ ಗೊತ್ತಿಲ್ಲ. ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ. ಅವಳು ಹೊಲಿಗೆ ಮಶೀನನ್ನು ಜೋರಾಗಿ ತುಳಿಯತೊಡಗಿದಳು. ಇನ್ನೊಮ್ಮೆ ಕೇಳಲಿಲ್ಲ.

ಹೊಟ್ಟೆ ಕಾಣತೊಡಗಿದಾಗ ಇಗರ್ಜಿಯ ಹಿರಿಯರು ಸಭೆ ಸೇರಿ ಒಂದು ತೀರ್ಮಾನ ಮಾಡಿದರು. ಪೀಠದ ಬಟ್ಟೆ ಮುಟ್ಟಲು ಅವಳಿಗೆ ಯೋಗ್ಯತೆಯಿಲ್ಲ, ಕೆಲಸ ಬೇರೆಯವರಿಗೆ ಕೊಡಬೇಕು. ಕೊಟ್ಟರು. ಅದಕ್ಕೆ ಕಾರಣರಾದ ಫಾದರ್ ಮಾರನೇ ದಿನ ಬೆಳಿಗ್ಗೆಯೂ ಅದೇ ಪೀಠದ ಮುಂದೆ ನಿಂತು ಪೂಜೆ ಮಾಡಿದರು. ಅವರ ಯೋಗ್ಯತೆಯ ವಿಷಯ ಯಾವ ಸಭೆಗೂ ಬರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಸಭೆಯಲ್ಲಿ ಕೂತವರ ಮೊಮ್ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತಿದ್ದಾರೆ, ಅವರಿಗೆ ನಾನು ವ್ಯಾಕರಣ ಕಲಿಸಿದ್ದೇನೆ.

ನಾನು ಹುಟ್ಟಿ ಎಂಟು ದಿನದೊಳಗೆ ಜ್ಞಾನಸ್ನಾನವಾಯಿತು. ಆಗಿನ ಕಾಲದಲ್ಲಿ ತಡ ಮಾಡುತ್ತಿರಲಿಲ್ಲ. ಮುಂದಿನ ವರ್ಗಾವಣೆಯಲ್ಲಿ ಫಾದರ್ ಹೊರಟುಹೋದರು. ಅಮ್ಮ ಒಂದು ಹಳೇ ಮಶೀನು ಹಿಡಿದು ರವಿಕೆ, ಲಂಗ, ಶಾಲೆಯ ಯೂನಿಫಾರಂ ಹೊಲಿಯುತ್ತಾ ನನ್ನನ್ನು ಸಾಕಿದಳು. ಅಷ್ಟಕ್ಕೆ ಮುಗಿದಿದ್ದರೆ ಒಂದು ರೀತಿ ಆಗುತ್ತಿತ್ತು. ಮುಗಿಯಲಿಲ್ಲ. ನನಗೆ ಒಂಬತ್ತು ವರ್ಷವಾದಾಗ ಊರವರೇ ಬಿಷಪರಿಗೆ ಅರ್ಜಿ ಕೊಟ್ಟು ಅದೇ ಫಾದರರನ್ನು ವಿಗಾರರಾಗಿ, ಅಂದರೆ ಇಗರ್ಜಿಯ ಮುಖ್ಯ ಗುರುವಾಗಿ, ಕರೆಸಿಕೊಂಡರು. ಒಳ್ಳೇ ಪ್ರಸಂಗ ಮಾಡ್ತಾರೆ, ಶಾಲೆ ಕಟ್ಟಿಸ್ತಾರೆ ಅಂತ. ಕಟ್ಟಿಸಿದರು ಕೂಡ. ಆ ಶಾಲೆಯಲ್ಲೇ ನಾನು ಓದಿದೆ. ಅಲ್ಲಿಯ ಮಕ್ಕಳು ನನ್ನನ್ನು "ಪಾದ್ರಿಮರಿ" ಎಂದು ಕರೆಯುತ್ತಿದ್ದರು. ಮಕ್ಕಳಿಗೆ ಅದು ತಾವಾಗಿ ಹೊಳೆದದ್ದಲ್ಲ, ಅವರವರ ಮನೆಯ ಊಟದ ಹೊತ್ತಿನ ಮಾತು.

ನನ್ನ ಗುರುತು ಹಣೆಯಲ್ಲಿತ್ತು. ಫಾದರರಿಗೆ ಹಣೆಯ ನಡುವೆ ಕೂದಲು ಮೊನಚಾಗಿ ಕೆಳಗಿಳಿದಿತ್ತು, ವೀಳ್ಯದೆಲೆಯ ತುದಿಯ ಹಾಗೆ. ನನಗೂ ಹಾಗೆಯೇ. ಪೂಜೆ ಮುಗಿಸಿ ಹೊರಗೆ ಬಂದಾಗ ನೆರೆಮನೆಯ ಹೆಂಗಸೊಬ್ಬಳು, ನಾವು ಅವಳನ್ನು ಮಾವ್ಶಿ ಎನ್ನುತ್ತಿದ್ದೆವು, ನನ್ನ ಕೂದಲನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿ ಪಕ್ಕದವರಿಗೆ ತೋರಿಸುವಳು. "ಸರೀ ನೋಡಿ, ಬೇರೆ ಸಾಕ್ಷಿ ಬೇಕಾ?" ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗುವರು. ಅಮ್ಮ ಮನೆಗೆ ಬಂದು ಬಟ್ಟೆಯ ಕತ್ತರಿಯಿಂದಲೇ ನನಗೆ ಮುಂಗೂದಲು ಕತ್ತರಿಸಿದಳು, ಹುಬ್ಬಿನವರೆಗೆ ಇಳಿಯುವ ಹಾಗೆ. ಹೈಸ್ಕೂಲು ಮುಗಿಯುವವರೆಗೂ ನಾನು ಆ ಪರದೆಯ ಹಿಂದಿನಿಂದಲೇ ಲೋಕವನ್ನು ನೋಡಿದ್ದು.

ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ. ಕನ್ಯಾಮಾತೆಗೆ ಒಂಬತ್ತು ದಿನ ಮಕ್ಕಳು ಹೂ ಹಾಕುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ವಿಗಾರರು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ವಾರ್ಡಿನ ಮುಖಂಡನಿಗೆ ಗುರ್ಕಾರ ಎನ್ನುತ್ತೇವೆ. ಅವನು ಯಜಮಾನರ ಹೆಸರು ಹಿಡಿದು ಒಂದೊಂದೇ ಮನೆಯನ್ನು ಕರೆಯಬೇಕು. ಮನೆಗೆ ಹೋದ ಮೇಲೆ ತೆನೆಯ ಕಾಳು ಸುಲಿದು ಪಾಯಸಕ್ಕೆ ಹಾಕುವವನೂ ಯಜಮಾನನೇ. ನಮ್ಮ ಸರದಿ ಬಂದಾಗ ಗುರ್ಕಾರ ಸ್ವಲ್ಪ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ, "ಇನ್ನು... ಆ ಹೊಲಿಗೆಯವಳ ಮನೆ" ಎನ್ನುತ್ತಿದ್ದ. ಆ ನಿಲ್ಲಿಸುವುದರಲ್ಲಿ ಅವನಿಗೊಂದು ಸುಖವಿತ್ತು.

ಹತ್ತು ವರ್ಷದವಳಿದ್ದಾಗ ತೆನೆ ತರಲು ಅಮ್ಮ ನನ್ನನ್ನೇ ಕಳಿಸಿದಳು. ಗಾಳಿಗೆ ನನ್ನ ಮುಂಗೂದಲು ಹಾರಿತ್ತು. ಫಾದರ್ ತೆನೆ ಕೊಟ್ಟು, ಎಲ್ಲ ಮಕ್ಕಳಿಗೆ ಮಾಡುವಂತೆ ಹೆಬ್ಬೆರಳಿನಿಂದ ಹಣೆಗೆ ಶಿಲುಬೆ ಗುರುತು ಹಾಕಲಿಲ್ಲ. ಅಂಗೈಯಿಂದ ನನ್ನ ಮುಂಗೂದಲನ್ನು ಹಣೆಯ ಮೇಲೆ ಕೆಳಕ್ಕೆಳೆದು ಒತ್ತಿ ಹಿಡಿದರು. ಒಂದು ಕ್ಷಣ ಹೆಚ್ಚೇ ಹಿಡಿದರು. ಆ ಕೈಯ ಬಿಸಿಯನ್ನು ನಾನು ವರ್ಷಗಟ್ಟಲೆ ಜೋಪಾನ ಮಾಡಿದೆ. ಎಲ್ಲರಿಗೂ ಬೆರಳು, ನನಗೊಬ್ಬಳಿಗೆ ಅಂಗೈ ಎಂದು ಒಳಗೊಳಗೇ ಬೀಗಿದೆ. ಅವರು ಮುಚ್ಚುತ್ತಿದ್ದದ್ದು ಏನನ್ನು ಎಂದು ಹತ್ತು ವರ್ಷದವಳಿಗೆ ಹೊಳೆಯಲಿಲ್ಲ. ಮನೆಯಲ್ಲಿ ಕಾಳು ಸುಲಿದವಳು ಅಮ್ಮನೇ. ಹಾಲಿಗೆ ಹಾಕುವ ಮೊದಲು ಅವಳು ಒಮ್ಮೆ ಬಾಗಿಲಿನ ಕಡೆ ನೋಡುತ್ತಿದ್ದಳು, ಪ್ರತಿ ವರ್ಷ.

ಆ ಅಂಗೈಯ ಅರ್ಥ ಹೊಳೆದದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಮದುವೆ ನಿಶ್ಚಯವಾದಾಗ. ಇಗರ್ಜಿಯಲ್ಲಿ ಮದುವೆಯಾಗಲು ಜ್ಞಾನಸ್ನಾನದ ಸರ್ಟಿಫಿಕೇಟು ಬೇಕು. ಆಗ ಬೇರೊಬ್ಬರು ವಿಗಾರರಾಗಿದ್ದರು, ವಯಸ್ಸಾದವರು, ಕಣ್ಣು ಮಂಜು. ದೊಡ್ಡ ಪುಸ್ತಕವನ್ನು ನನ್ನ ಮುಂದೆ ತಿರುಗಿಸಿ, "ನೀನೇ ಓದಿ ಹೇಳು ಬಾಯೆ, ನಾನು ಬರೀತೇನೆ" ಎಂದರು. ಓದಿದೆ. ಮಗುವಿನ ಹೆಸರು, ತಾಯಿಯ ಹೆಸರು. ತಂದೆಯ ಹೆಸರಿನ ಕಲಮಿನಲ್ಲಿ ಇಂಗ್ಲಿಷಿನ ಒಂದೇ ಒಂದು ಪದ: ಅನ್‌ನೋನ್, ಅಂದರೆ ತಿಳಿಯದು. ಅದೇ ಸಾಲಿನ ಕೊನೆಯಲ್ಲಿ ಜ್ಞಾನಸ್ನಾನ ಕೊಟ್ಟ ಗುರುವಿನ ಸಹಿ. ಆ ಸಹಿ ನನಗೆ ಗೊತ್ತಿತ್ತು, ಶಾಲೆಯಲ್ಲಿ ನನ್ನ ಅಂಕಪಟ್ಟಿಗಳ ಮೇಲೆಲ್ಲ ಅದೇ ಇತ್ತು. ಸಾಲಿನ ಉಳಿದ ಅಕ್ಷರಗಳೂ ಅದೇ ಕೈಯವು, ಅದೇ ನೀಲಿ ಶಾಯಿ. ನನ್ನ ತಲೆಗೆ ನೀರು ಹೊಯ್ದವರು ಅವರು. ಆಮೇಲೆ ಕೈ ಒರೆಸಿಕೊಂಡು, ಪುಸ್ತಕ ತೆರೆದು, ತನ್ನ ಬಗ್ಗೆ ತಾನೇ ತಿಳಿಯದು ಎಂದು ಬರೆದು ಸಹಿ ಹಾಕಿದವರೂ ಅವರು.

ಖಾಲಿ ಬಿಟ್ಟಿದ್ದರೆ ನಾನು ಸಹಿಸುತ್ತಿದ್ದೆ. ಖಾಲಿ ಎಂದರೆ ಯಾರೋ ಹೇಳಲಿಲ್ಲ ಎಂದಷ್ಟೆ. ತಿಳಿಯದು ಎಂದರೆ ಯಾರಿಗೆ ತಿಳಿಯದು? ತಾಯಿಗೆ. ಯಾರ ಮಗು ಎಂದು ಹೇಳಲಾಗದಷ್ಟು ಗಂಡಸರ ಜೊತೆ ಹೋದವಳು ಎಂದೇ ಅದರ ಅರ್ಥ. ಒಂದು ಪದದಲ್ಲಿ ಅವರು ತನ್ನನ್ನು ಉಳಿಸಿಕೊಂಡು ಅವಳನ್ನು ಬೀದಿಗೆ ಹಾಕಿದರು. ಅದೂ ಇಗರ್ಜಿ ಇರುವವರೆಗೆ ಇರುವ ಪುಸ್ತಕದಲ್ಲಿ.

ಅಮ್ಮ ಹೊರಗೆ ಮಾವಿನ ಕಟ್ಟೆಯ ಮೇಲೆ ಕಾಯುತ್ತಿದ್ದಳು. ನಾಲ್ಕನೇ ಕ್ಲಾಸಿನವರೆಗೆ ಕಲಿತವಳು, ಇಂಗ್ಲಿಷ್ ಬಾರದು.

"ಅಪ್ಪನ ಹೆಸರಿನಲ್ಲಿ ಎಂತ ಬರ್ದಿದ್ದಾರೆ?" ಎಂದಳು. ನಾನು ಹುಟ್ಟಿ ಇಪ್ಪತ್ತನಾಲ್ಕು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

"ಎಂತದೂ ಬರೀಲಿಲ್ಲ ಮಾಯ್, ಖಾಲಿ ಬಿಟ್ಟಿದ್ದಾರೆ."

ಅವಳು ಬಾಗಿ ಚಪ್ಪಲಿಯ ಮಣ್ಣು ಒರೆಸಿದಳು. ಆಮೇಲೆ, "ಪಾಪ, ಸುಳ್ಳು ಬರೀಲಿಕ್ಕೆ ಅವರಿಗೆ ಮನಸ್ಸು ಬರ್ಲಿಲ್ಲ ಕಾಣ್ತದೆ" ಎಂದಳು. ಅವಳ ಮುಖ ಎಷ್ಟು ಹಗುರವಾಯಿತೆಂದರೆ ನನಗೆ ನೋಡಲಾಗಲಿಲ್ಲ. ಆ ಖಾಲಿ ಜಾಗವನ್ನು ನಂಬಿಕೊಂಡೇ ಅವಳು ಉಳಿದ ಹದಿನೆಂಟು ವರ್ಷ ಬದುಕಿದಳು. ಕೊನೆಗೆ ನನ್ನ ಮನೆಯಲ್ಲೇ ಇದ್ದಳು. ಆರು ವರ್ಷದ ಹಿಂದೆ ತೀರಿಕೊಂಡಳು, ಮೂಡುಬಿದಿರೆಯ ಕಡೆಯ ಸಿಮಿತ್ರಿಯಲ್ಲಿ ಅವಳನ್ನು ಮಣ್ಣು ಮಾಡಿದೆವು.

ಹೋದ ವರ್ಷ ಜುಬಿಲಿ ಸಮಿತಿಯ ಕಾರ್ಯದರ್ಶಿ ಫೋನು ಮಾಡಿದ. ಮೂವತ್ತರ ಹುಡುಗ, ಬ್ಯಾಂಕ್ ನೌಕರ, ನಮ್ಮ ಕಾಲದ ಸುದ್ದಿ ಅವನಿಗೆ ತಿಳಿಯದು. ಅವನಿಗೆ ನಿಜವಾಗಿಯೂ ತಿಳಿಯದು. "ಫಾದರ್ ಗುರುದೀಕ್ಷೆ ತೆಗೊಂಡು ಐವತ್ತು ವರ್ಷ ಆಗ್ತದೆ ಟೀಚರ್. ನಮ್ಮ ಇಗರ್ಜಿಯಲ್ಲೇ ಗಮ್ಮತ್ತು ಮಾಡುವ ಅಂತ. ಜೀವನಚಿತ್ರಣ ನೀವೇ ಬರೀಬೇಕು. ನೀವು ಇಲ್ಲಿಯ ಮಗಳೇ ಅಲ್ವಾ?" ಎಂದ. ಇಲ್ಲಿಯ ಮಗಳು! ನಗು ಬಂತು. ಆಗಲಿ, ಬರೆಯುತ್ತೇನೆ ಎಂದೆ.

ಮೊದಲು ಈಗಿನ ವಿಗಾರರನ್ನು ಕಂಡೆ. ನನಗಿಂತ ಚಿಕ್ಕವರು, ಮುಜುಗರದ ಸ್ವಭಾವದವರು, ಆದರೆ ಸುಳ್ಳು ಹೇಳುವವರಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಆಫೀಸಿನ ಬಾಗಿಲು ಮುಚ್ಚಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಪುಸ್ತಕದಲ್ಲಿ ತಿದ್ದಲಿಕ್ಕೆ ದಾರಿ ಉಂಟು ಟೀಚರ್. ತಂದೆ ಆದವರು ಸ್ವತಃ ವಿಗಾರರ ಮುಂದೆ, ಇಬ್ಬರು ಸಾಕ್ಷಿಗಳ ಎದುರು, ಇದು ನನ್ನ ಮಗು ಅಂತ ಹೇಳಿ ಸಹಿ ಮಾಡ್ಬೇಕು. ಮಾಡಿದ್ರೆ ನಾನು ಬರೀತೇನೆ. ಅವರು ಯಾರೇ ಆಗ್ಲಿ, ಬರೀತೇನೆ."

ಫಾದರ್ ಈಗ ಬಂಟ್ವಾಳದ ಆಚೆ ಸಿಸ್ಟರುಗಳು ನಡೆಸುವ ಒಂದು ವೃದ್ಧಾಶ್ರಮದಲ್ಲಿ ಇದ್ದಾರೆ. ಶನಿವಾರ ಶಾಲೆ ಬಿಟ್ಟು ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದೆ. ಎಪ್ಪತ್ತೆಂಟಾದರೂ ಅವರ ನೆನಪು ಗಟ್ಟಿ, ಗಂಟಲು ಗಟ್ಟಿ, ಮೊಣಕಾಲು ಮಾತ್ರ ಸೋತಿವೆ. ಹಣೆಯ ಕೂದಲು ಪೂರ್ತಿ ಉದುರಿಹೋಗಿದೆ. ಈಗ ನನ್ನ ಹಣೆಯ ಜೊತೆಗಿಟ್ಟು ನೋಡಲು ಏನೂ ಉಳಿದಿಲ್ಲ. ಅವರಿಗೆ ನನ್ನ ಗುರುತು ಹತ್ತಿತು. ಹತ್ತಿದರೂ "ಬನ್ನಿ ಟೀಚರ್, ಕೂತ್ಕೊಳ್ಳಿ" ಎಂದು ಸಮಿತಿಯವರೊಡನೆ ಮಾತಾಡುವಂತೆ ಮಾತಾಡಿದರು.

ನಾನೂ ನೋಟ್ ಪುಸ್ತಕ ತೆಗೆದೆ. ಹುಟ್ಟೂರು ಕಕ್ಕಿಂಜೆಯ ಕಡೆ, ಘಾಟಿಯ ಬುಡ. ತಂದೆ ತಾಯಿಗೆ ಏಳು ಮಕ್ಕಳು, ಇವರು ಐದನೆಯವರು. ಸೆಮಿನರಿ, ಗುರುದೀಕ್ಷೆ, ಇಗರ್ಜಿಗಳ ಹೆಸರು, ಶಾಲೆ, ಬಾವಿ. ಮುಕ್ಕಾಲು ಗಂಟೆ ಬರೆದುಕೊಂಡೆ. ಅವರು ಖುಷಿಯಲ್ಲಿದ್ದರು, ತನ್ನ ಬಗ್ಗೆ ಹೇಳುವುದೆಂದರೆ ಮೊದಲಿಂದಲೂ ಅವರಿಗೆ ಇಷ್ಟ.

"ಮಕ್ಕಳು ಎಷ್ಟು ಫಾದರ್?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ಜಪಮಣಿಯನ್ನು ಒಮ್ಮೆ ಕೆಳಗಿಟ್ಟು ಮತ್ತೆ ತೆಗೆದುಕೊಂಡರು. "ಗುರುಗಳಿಗೆ ಇಗರ್ಜಿಯ ಮಕ್ಕಳೆಲ್ಲ ಮಕ್ಕಳೇ ಅಲ್ವಾ" ಎಂದರು, ಪ್ರಸಂಗದ ದನಿಯಲ್ಲಿ.

ನಾನು ಜ್ಞಾನಸ್ನಾನದ ಸರ್ಟಿಫಿಕೇಟನ್ನು ತೆಗೆದು ಅವರ ತೊಡೆಯ ಮೇಲಿಟ್ಟೆ. ಓದಿದರು. ಬಹಳ ಹೊತ್ತು ಓದುವಂಥದ್ದು ಅದರಲ್ಲಿ ಏನೂ ಇಲ್ಲ, ಆದರೂ ಓದಿದರು.

"ನಿನ್ನ ತಾಯಿ..."

"ಆರು ವರ್ಷ ಆಯ್ತು ಹೋಗಿ."

ಅವರು ಶಿಲುಬೆ ಗುರುತು ಹಾಕಿಕೊಂಡರು. "ನಿಮ್ಮಿಬ್ಬರನ್ನು ದಿನಾ ಪೂಜೆಯಲ್ಲಿ ನೆನೀತೇನೆ. ಒಂದು ದಿನವೂ ಬಿಡ್ಲಿಲ್ಲ" ಎಂದರು.

ನನಗೆ ಇದಕ್ಕಿಂತ ಹೆಚ್ಚು ಸಿಟ್ಟು ಬರಿಸಿದ ಮಾತು ಇನ್ನೊಂದಿಲ್ಲ. ನಾನು ಸೀತಾಳೆ ಸಿಡುಬು ಬಂದು ನರಳುವಾಗ, ಫೀಸು ಇಲ್ಲದೆ ಪಿಯುಸಿ ಬಿಡುವ ಹಂತಕ್ಕೆ ಬಂದಾಗ, ಅಮ್ಮ ಸೊಂಟ ಹಿಡಿದುಕೊಂಡು ಪುಂಜಾಲಕಟ್ಟೆಯವರೆಗೆ ನಡೆದೇ ಹೋಗಿ ಹೊಲಿದ ಬಟ್ಟೆ ಕೊಟ್ಟು ಬರುವಾಗ, ಇವರು ಎಲ್ಲೋ ಕೂತು ನಮ್ಮನ್ನು ನೆನೆಯುತ್ತಿದ್ದರು. ಅದನ್ನು ನಾನು ಅವರಿಗೆ ಹೇಳಿದೆ, ಇಲ್ಲಿ ಬರೆದದ್ದಕ್ಕಿಂತ ಕೆಟ್ಟದಾಗಿ ಹೇಳಿದೆ. ಕಿಟಕಿಯ ಹೊರಗೆ ಬಟ್ಟೆ ಹರವುತ್ತಿದ್ದ ಸಿಸ್ಟರ್ ಒಮ್ಮೆ ತಿರುಗಿ ನೋಡಿದರು.

"ಈಗ ನಿನಗೆ ಎಂತ ಬೇಕು?" ಎಂದರು ಅವರು. ಟೀಚರ್ ಹೋಗಿ ನೀನು ಬಂದಿತ್ತು. "ಕಲಿತೆ, ಕೆಲಸ ಉಂಟು, ಮದುವೆ ಆಯ್ತು. ಈ ವಯಸ್ಸಿನಲ್ಲಿ ಅಪ್ಪನ ಹೆಸರು ಎಂತಕ್ಕೆ?"

"ನನಗೆ ಬೇಡ. ಅಮ್ಮನಿಗೆ ತಿಳಿದಿತ್ತು ಅಂತ ಆ ಪುಸ್ತಕದಲ್ಲಿ ಬರ್ಬೇಕು. ಅಷ್ಟೇ."

"ಖಾಲಿ ಬಿಡ್ಲಿಕ್ಕೆ ಆಗ್ತಿರ್ಲಿಲ್ಲ ಆಗ. ಹಳೇ ವಿಗಾರರು ಬಿಡ್ತಿರ್ಲಿಲ್ಲ. ಜುಬಿಲಿ ಒಂದು ಆಗ್ಲಿ. ಆಮೇಲೆ ನೋಡುವ."

"ಜುಬಿಲಿಗೆ ಮೊದಲು. ಇಲ್ಲದಿದ್ರೆ ಜೀವನಚಿತ್ರಣದಲ್ಲಿ ಬರೀತೇನೆ. ನನಗೆ ಕನ್ನಡ ಚಂದ ಬರ್ತದೆ ಫಾದರ್, ನೀವು ಕಟ್ಟಿಸಿದ ಶಾಲೆಯಲ್ಲೇ ಕಲ್ತದ್ದು."

"ಹೆದರಿಸ್ತೀಯಾ?"

"ಹೌದು."

"ಈ ಹಟ ನಿನ್ನ ತಾಯಿಗಿರ್ಲಿಲ್ಲ."

"ಇಲ್ಲ. ಅದು ಬೇರೆ ಕಡೆಯಿಂದ ಬಂದದ್ದು."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ಸಾಕ್ಷಿಗಳನ್ನು ನೀನೇ ಹುಡುಕು" ಎಂದರು. ಅದರಲ್ಲೂ ಒಂದು ಲೆಕ್ಕಾಚಾರ ಇತ್ತೆಂದು ನನಗೆ ತಿಳಿಯಲು ಎರಡು ವಾರ ಬೇಕಾಯಿತು. ನಮ್ಮ ಊರಿನವರು ಎಂಥವರೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಗುರ್ಕಾರನ ಮನೆಗೆ ಹೋದೆ. ಈಗ ಎಂಬತ್ತು ದಾಟಿದ ಮುದುಕ. ಸೊಸೆ ಚಾ ತಂದಿಟ್ಟಳು. ವಿಷಯ ಹೇಳಿದೆ. ನೀವೇನೂ ಹೇಳಬೇಕಿಲ್ಲ, ಅವರು ಹೇಳುವುದನ್ನು ಕೇಳಿ ಒಂದು ಸಹಿ ಹಾಕಿದರೆ ಸಾಕು ಎಂದೆ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಇದೆಂತ ಮಾತು ಮಾರಾಯ್ತಿ! ನಮಗೆಂತ ಗೊತ್ತು? ನಾವು ಅಂಥದ್ದೆಲ್ಲ ಕೇಳಿದ್ದೇ ಇಲ್ಲ."

"ಕೇಳಿದ್ದೇ ಇಲ್ಲವಾ?"

"ದೇವರಾಣೆಗೂ ಇಲ್ಲ."

ತೆನೆ ಹಂಚುವಾಗ ನಮ್ಮ ಮನೆಯ ಸರದಿಗೆ ಮಾತ್ರ ಅಷ್ಟುದ್ದ ನಿಲ್ಲಿಸುತ್ತಿದ್ದ ಬಾಯಿ ಅದು. ಚಾ ಮುಟ್ಟದೆ ಎದ್ದು ಬಂದೆ. ಮಾವ್ಶಿಯ ಮನೆ ಮೂರು ಮನೆ ದಾಟಿದರೆ. ನನ್ನ ಕೂದಲು ಹಿಂದಕ್ಕೆ ತಳ್ಳಿ ಬೇರೆ ಸಾಕ್ಷಿ ಬೇಕಾ ಎನ್ನುತ್ತಿದ್ದವಳು. ಸಾಕ್ಷಿ ಬೇಕು ಮಾವ್ಶಿ, ಬನ್ನಿ ಎಂದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ನನಗೆ ಕಣ್ಣೇ ಕಾಣುದಿಲ್ಲ ಬಾಯೆ. ಹಳೇದೆಲ್ಲ ನೆನಪಿಲ್ಲ. ಸತ್ತವರ ವಿಷಯ ಎಂತಕ್ಕೆ?" ಎಂದಳು. ಹಾಗೆ ಹೇಳುತ್ತಲೇ ನನ್ನ ಹಣೆ ನೋಡಿದಳು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

ಇನ್ನೂ ನಾಲ್ಕು ಮನೆ ಹತ್ತಿದೆ. ಎಲ್ಲ ಕಡೆ ಅದೇ ಮಾತು. ನನ್ನ ಬಾಲ್ಯವಿಡೀ ಊರಿಗೆ ಊರೇ ಬಲ್ಲ ಸಂಗತಿ, ಸಹಿ ಕೇಳಿದ ದಿನದಿಂದ ಯಾರಿಗೂ ತಿಳಿಯದು. ಒಬ್ಬ ಫಾದರ್ ಬರೆದ ಪದವನ್ನು ಇಡೀ ಊರು ಬಾಯಿಪಾಠ ಮಾಡಿ ಒಪ್ಪಿಸಿತು. ಅಲ್ಲಿಯವರೆಗೆ ನನ್ನ ದ್ವೇಷವೆಲ್ಲ ಒಬ್ಬರ ಮೇಲಿತ್ತು. ಆವತ್ತು ಅದನ್ನು ಊರಿಗೆಲ್ಲ ಹಂಚಿದೆ, ಮನೆಗೊಂದರಂತೆ.

ಕೊನೆಗೆ ಬಂದವರು ಇಬ್ಬರೂ ಇಗರ್ಜಿಯವರಲ್ಲ. ಒಬ್ಬರು ನಮ್ಮ ಶಾಲೆಯ ಪಿ.ಟಿ. ಮಾಸ್ಟ್ರು, ಬಂಟರು, ಮೈದಾನದಲ್ಲಿ ಕೂಗಿ ಕೂಗಿ ಎಲ್ಲಿ ಹೋದರೂ ಕೂಗಿಯೇ ಮಾತಾಡುವವರು. ಇನ್ನೊಬ್ಬರು ನಮ್ಮ ರಿಕ್ಷಾ ಸ್ಟ್ಯಾಂಡಿನ ಡ್ರೈವರ್, ಬ್ಯಾರಿ ಮುಸಲ್ಮಾನರು. ಅಮ್ಮನ ಕೊನೆಯ ಎರಡು ವರ್ಷ ಆಸ್ಪತ್ರೆಗೆ ಎತ್ತಿ ಕೂರಿಸಿಕೊಂಡು ಹೋದದ್ದು, ಇಳಿಸಿಕೊಂಡು ಬಂದದ್ದು ಅವರೇ. ಅಮ್ಮನ ಪೆಟ್ಟಿಗೆಗೆ ಇಬ್ಬರೂ ಹೆಗಲು ಕೊಟ್ಟಿದ್ದರು. ಮಾಸ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಗಂಟೆಗೆ ಹೋಗುವ?" ವಿಗಾರರಿಗೆ ಫೋನು ಮಾಡಿ ಸಾಕ್ಷಿಗಳು ಇಂಥವರು ಎಂದೆ. "ಸಾಕ್ಷಿ ನಮ್ಮವರೇ ಆಗ್ಬೇಕು ಅಂತ ನಾನು ಎಲ್ಲಿಯೂ ಓದಿದ್ದಿಲ್ಲ. ಕರ್ಕೊಂಡು ಬನ್ನಿ" ಎಂದರು.

ಜುಬಿಲಿಗೆ ಹನ್ನೆರಡು ದಿನ ಇರುವಾಗ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ವೃದ್ಧಾಶ್ರಮದ ಆ ಕೋಣೆಯಲ್ಲಿ ಐದು ಜನ ಸೇರಿದೆವು. ವಿಗಾರರು ಆ ಹಳೇ ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಹೇಳಿಕೆಯನ್ನು ಅವರೇ ಬರೆದು ತಂದಿದ್ದರು, ಮೂರು ಸಾಲು. ಫಾದರ್ ಅದನ್ನು ಕೈಗೆ ತೆಗೆದುಕೊಂಡು ಮನಸ್ಸಿನಲ್ಲೇ ಓದಿ ಸಹಿಗೆ ಪೆನ್ನು ಎತ್ತಿದರು.

"ಗಟ್ಟಿಯಾಗಿ ಓದ್ಬೇಕು ಫಾದರ್. ಸಾಕ್ಷಿಗಳು ಕೇಳ್ಬೇಕು" ಎಂದೆ.

ವಿಗಾರರು ನೆಲ ನೋಡಿದರು. ಫಾದರ್ ಓದಿದರು. ಸಾವಿರ ಜನಕ್ಕೆ ಮೈಕಿಲ್ಲದೆ ಕೇಳಿಸುತ್ತಿದ್ದ ಗಂಟಲು, ಮೂರನೇ ಸಾಲನ್ನು ತಡೆದು ತಡೆದು ಎರಡು ಸಲ ಓದಿತು. ಅಮ್ಮನ ಹೆಸರು ಇದ್ದದ್ದು ಅಲ್ಲಿ. ರಿಕ್ಷಾದವರಿಗೆ ಆ ಬರಹದ ಕನ್ನಡ ಪೂರ್ತಿ ಹಿಡಿಸಲಿಲ್ಲವೋ ಏನೋ, ಮುಂದೆ ಬಾಗಿ, "ಅಂದ್ರೆ, ನೀವು ಟೀಚರ್‌ನ ಅಪ್ಪ. ಹೌದಾ ಫಾದರ್?" ಎಂದು ನೇರವಾಗಿ ಕೇಳಿದರು.

"ಹೌದು" ಎಂದರು ಅವರು. "ನಾನೇ."

ಇಷ್ಟು ವರ್ಷ ಇದಕ್ಕಾಗಿ ಹಲ್ಲು ಕಚ್ಚಿ ಕಾದವಳು ನಾನು, ಕೇಳಿದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. ಎಷ್ಟು ಚಿಕ್ಕ ಮಾತು, ಇದನ್ನು ಹೇಳಲು ಇಷ್ಟೇ ಹೊತ್ತು ಸಾಕಿತ್ತಲ್ಲ ಎನಿಸಿತು. ಅಮ್ಮನಿಗೆ ಕೇಳಿಸುವ ಹಾಗೆ, ಆ ಮಾವಿನ ಕಟ್ಟೆಯ ಹತ್ತಿರ ಬಂದು ಒಮ್ಮೆ ಹೇಳಿದ್ದರೆ ಸಾಕಿತ್ತು.

ಸಹಿಗಳಾದವು. ಮಾಸ್ಟ್ರು ಕನ್ನಡದಲ್ಲಿ, ರಿಕ್ಷಾದವರು ಇಂಗ್ಲಿಷಿನಲ್ಲಿ ನಿಧಾನವಾಗಿ. ವಿಗಾರರು ಪುಸ್ತಕ ಬಿಚ್ಚಿ ನನ್ನ ಸಾಲು ಹುಡುಕಿದರು. ಅಂಚಿನಲ್ಲಿ ನನ್ನ ಮದುವೆಯ ಉಲ್ಲೇಖ ಆಗಲೇ ಇತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಂದೆಯ ಹೆಸರು ಬರೆದು, ದಿನಾಂಕ ಹಾಕಿ, ಹಳೇ ಪದದ ಮೇಲೆ ಒಂದು ಗೆರೆ ಎಳೆದರು. ಗೆರೆಯ ಅಡಿಯಲ್ಲಿ ಪದ ಇನ್ನೂ ಓದಲು ಬರುತ್ತದೆ. ಇರಲಿ ಎಂದೆ. ಬರೆದವರು ಯಾರೆಂದೂ ಮುಂದಿನವರಿಗೆ ಗೊತ್ತಾಗಲಿ. ಸಂಚಿಕೆಯಲ್ಲಿ ಬರೆಯುವುದಿಲ್ಲವೆಂಬ ಮಾತನ್ನು ನಾನೂ ಉಳಿಸಿಕೊಂಡೆ. ಏಳನೇ ಪುಟದಲ್ಲಿ ಬಾವಿ ಇದೆ, ಶಾಲೆ ಇದೆ, ನಾನಿಲ್ಲ.

ಹೊರಡಲು ಎದ್ದೆವು. ವಿಗಾರರು ಪುಸ್ತಕಕ್ಕೆ ಬಟ್ಟೆ ಸುತ್ತುತ್ತಿದ್ದರು. ಫಾದರ್ ಕುರ್ಚಿಯ ಕೈ ಹಿಡಿದು ಅರ್ಧ ಎದ್ದು ನನ್ನನ್ನು ಕರೆದರು. ಟೀಚರ್ ಎಂದಲ್ಲ, ನೀನು ಎಂದೂ ಅಲ್ಲ, ಮಗಳೇ ಎಂದು ಕರೆದರು. ಬಾಗಿಲಲ್ಲಿ ನಿಂತೆ.

"ಅವಳನ್ನು ಎಲ್ಲಿ ಮಣ್ಣು ಮಾಡಿದ್ದು? ನನಗೆ ಒಮ್ಮೆ ಹೋಗ್ಬೇಕು. ಯಾರಾದ್ರೂ ಕಾರಿನಲ್ಲಿ ಕರ್ಕೊಂಡು ಹೋಗ್ತಾರೆ. ಒಂದು ಮೇಣದಬತ್ತಿ ಇಟ್ಟು ಬರ್ತೇನೆ. ಯಾವ ಸಿಮಿತ್ರಿ?"

ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ, ನನಗೆ ಗೊತ್ತಾಯಿತು. ಪಿ.ಟಿ. ಮಾಸ್ಟ್ರು ಹೇಳಲು ಬಾಯಿ ತೆರೆದರು. ನಾನು ಅವರ ಮುಖ ನೋಡಿದೆ. ಮುಚ್ಚಿಕೊಂಡರು. ರಿಕ್ಷಾದವರು ಟೊಪ್ಪಿ ಸರಿ ಮಾಡಿಕೊಳ್ಳುತ್ತಾ ಹೊರಗೆ ನೋಡಿದರು. ಆ ಗುಂಡಿಗೆ ಇಬ್ಬರೂ ಮಣ್ಣು ಹಾಕಿದವರೇ.

"ತಿಳಿಯದು ಫಾದರ್" ಎಂದೆ.

ಅವರು ಹಾಗೆಯೇ ಕುರ್ಚಿಯಲ್ಲಿ ಕೂತರು. ನಾನು ಇಳಿದು ಬಂದು ರಿಕ್ಷಾದಲ್ಲಿ ಕೂತೆ.

ನಾನು ಈಗಲೂ ಪೂಜೆಗೆ ಹೋಗುತ್ತೇನೆ, ಈಸ್ಟರಿಗೆ ಮೊದಲು ಪಾಪನಿವೇದನೆಗೂ ಹೋಗುತ್ತೇನೆ. ಮಾವಿನ ಕಟ್ಟೆಯಲ್ಲಿ ಅಮ್ಮನಿಗೆ ಹೇಳಿದ ಸುಳ್ಳನ್ನು ಎಂದೋ ನಿವೇದಿಸಿ ಪ್ರಾಯಶ್ಚಿತ್ತ ಮುಗಿಸಿದ್ದೇನೆ. ಈ ಎರಡನೇ ಸುಳ್ಳು ಇನ್ನೂ ನನ್ನ ಹತ್ತಿರವೇ ಇದೆ. ಅದನ್ನು ಕಳೆದುಕೊಳ್ಳಬೇಕಾದರೆ ಒಬ್ಬ ಪಾದ್ರಿಯ ಕಿವಿಯಲ್ಲಿ ಹೇಳಬೇಕು, ನಾನು ಹೇಳುವುದಿಲ್ಲ.